ಪಾವತಿಯ ಮೇಲೆ ಯಾರ ಹೆಸರು?

ಕಳೆದ ಚಳಿಗಾಲದ ಒಂದು ಸಂತೆಯ ದಿನ. ನಮ್ಮ ಚಾಚಾ ಅವರನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ರಾಜೇಶ್ವರದಿಂದ ಹೊರಟಿದ್ದೆವು. ಎಲ್ಲಿಗೆಂದು ಹೆಸರು ಹೇಳುವುದು ಬೇಡ, ನಮ್ಮ ಕಡೆಯ ಸಂತೆಯೂರುಗಳೆಲ್ಲ ಈ ವಿಷಯದಲ್ಲಿ ಒಂದೇ ಥರ. ಚಾಚಾ ಅವರ ಕನ್ನಡಕದ ಕಾಲು ಮುರಿದಿತ್ತು, ನಮಗೆ ತೊಗರಿಬೇಳೆ ಬೇಕಿತ್ತು. ಸಂತೆಯ ಬಾಯಿಯಲ್ಲೇ ರಸ್ತೆಗೆ ಹತ್ತಿಕೊಂಡ ಒಂದು ಖುಲ್ಲಾ ಜಾಗ. ಗಾಡಿಯ ಸ್ಟ್ಯಾಂಡ್ ಹಾಕಿದ್ದೇ ತಡ, ಒಬ್ಬ ಹುಡುಗ ಓಡಿ ಬಂದು ಹ್ಯಾಂಡಲ್ಲಿಗೆ ಒಂದು ಚೀಟಿ ಸಿಗಿಸಿ ಕೈ ಚಾಚಿದ. 'ಇಪ್ಪತ್ತು ರೂಪಾಯಿ ಕೊಡ್ರಿ.'

ನಾವು ಕೊಟ್ಟುಬಿಡುತ್ತಿದ್ದೆವು. ಎಲ್ಲರೂ ಕೊಡುತ್ತಾರೆ. ಆದರೆ ಚಾಚಾ ತಹಸೀಲಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಹಳೆಯ ಉರ್ದು ಕಾಗದಗಳನ್ನು ಓದಿ ಹೇಳುವುದಕ್ಕೆ ಇಂದಿಗೂ ಹಳ್ಳಿಯವರು ಅವರ ಮನೆಗೆ ಬರುತ್ತಾರೆ. ಯಾವ ಕಾಗದ ಕೈಗೆ ಬಂದರೂ ಅದರ ಎರಡೂ ಮಗ್ಗುಲು ನೋಡದೆ ಕೆಳಗಿಡುವವರಲ್ಲ. ಕನ್ನಡಕವಿಲ್ಲದ ಕಣ್ಣಿಗೆ ಚೀಟಿಯನ್ನು ಹತ್ತಿರ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, 'ಬೇಟಾ, ಈ ಪಾವತಿ ಮ್ಯಾಲ ಯಾರ ಹೆಸರೂ ಇಲ್ಲಲ್ಲ?' ಎಂದರು.

'ಹೆಸರ್ ಯಾಕ್ ಬೇಕ್ರಿ ಚಾಚಾ, ಗಾಡಿ ನೋಡ್ಕೋತೀವಲ್ಲ.'

'ಗಾಡಿ ಹೋದ್ರ ಯಾರಿಗಿ ಕೇಳ್ಬೇಕು?'

ಹುಡುಗ ಚೀಟಿಯ ತಳದ ಸಾಲು ತೋರಿಸಿದ. ವಾಹನ ಕಳುವಾದರೆ ನಾವು ಜವಾಬ್ದಾರರಲ್ಲ ಎಂದು ಅಚ್ಚಾಗಿತ್ತು. ನಾವು ಎಂದರೆ ಯಾರು? 'ನಾವು' ಎಂದು ಬರೆಯುವ ಚಟ ನಮಗೂ ಉಂಟು. ಆದರೆ ನಮ್ಮ ಬರಹದ ಜೊತೆ ಹೆಸರಾದರೂ ಅಚ್ಚಾಗುತ್ತದೆ. ಹುಡುಗ ಗೊಂದಲಕ್ಕೆ ಬಿದ್ದು, 'ಠೇಕಾ ನಮ್ ಮಾಲಕರದು ಅದರಿ, ನಂಗ ದಿನಗೂಲಿ ಅಷ್ಟೆ' ಎಂದ. ಚಾಚಾ ಇಪ್ಪತ್ತು ರೂಪಾಯಿ ಕೊಟ್ಟರು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ವಾಪಸು ಬರುವಾಗ ಹಿಂದಿನಿಂದ ಅವರ ಮಾತು ಗಾಳಿಯಲ್ಲಿ ಅರ್ಧಂಬರ್ಧ ಕೇಳಿಸಿತು. 'ನಮ್ಮ ಅಬ್ಬಾ ಹೇಳ್ತಿದ್ರು, ನಿಜಾಮನ ಕಾಲದಾಗ ನಾಕಾದವ ರೊಕ್ಕಾ ತಗೊಂಡ್ರ ಕಾಗದದ ಮ್ಯಾಲ ಮೊಹರಾರ ಹೊಡೀತಿದ್ದ.'

ಇಪ್ಪತ್ತು ರೂಪಾಯಿಯ ಮಾತು ಇದು, ದೊಡ್ಡದೇನಲ್ಲ. ಆದರೂ ಆ ಚೀಟಿ ನಮ್ಮನ್ನು ಹಲವು ದಿನ ಬಿಡಲಿಲ್ಲ. ನೆಲದ ಮೇಲೆ ನಿಂತಿದ್ದಕ್ಕೆ, ದಾರಿಯಲ್ಲಿ ಹೋದದ್ದಕ್ಕೆ ಹಣ ಕೇಳುವ ಹಕ್ಕು ಯಾರದು? ಅದನ್ನು ಪ್ರಶ್ನಿಸಿದವರಿಗೆ ಏನಾಯಿತು? ಇದರ ಚರಿತ್ರೆ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ರಾಜೇಶ್ವರ ಕೂತಿರುವುದೇ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ. ಹಿಂದೆ ಅದರ ನಂಬರು 9, ಈಗ 65. ಒಂದು ಕಡೆ ಹುಮನಾಬಾದ್, ಇನ್ನೊಂದು ಕಡೆ ಬಸವಕಲ್ಯಾಣ. ಕಲ್ಯಾಣವಂತೂ ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲಕ್ಕೆ ರಾಜಧಾನಿಯಾದ ಊರು. ರಾಜಧಾನಿ ಎಂದ ಮೇಲೆ ದಾರಿಗಳು, ದಾರಿಗಳಿದ್ದ ಮೇಲೆ ಸರಕಿನ ಎತ್ತು ಕತ್ತೆಗಳು, ಅವು ಬಂದ ಮೇಲೆ ಸುಂಕ.

ಆ ಕಾಲದ ಶಾಸನಗಳನ್ನು ಓದಿದರೆ ಸುಂಕದ ಹೆಸರುಗಳೇ ಒಂದು ಸಂತೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ. ಹೆಜ್ಜುಂಕವೆಂದರೆ ದೊಡ್ಡ ಸುಂಕ. ಚಿಲ್ಲರೆ ಸುಂಕಗಳಿಗೆ 'ಕಿರುಕುಳ' ಎಂಬ ಹೆಸರಿತ್ತು. ಇಂದು ನಾವು ಕಿರುಕುಳ ಎಂದರೆ ಕಾಟ ಎಂದೇ ಅರ್ಥ ಮಾಡಿಕೊಳ್ಳುತ್ತೇವೆ. ಒಂದು ತೆರಿಗೆಯ ಹೆಸರು ಜನರ ಬಾಯಲ್ಲಿ ಹಿಂಸೆಯ ಹೆಸರಾಗಬೇಕಾದರೆ ಸುಂಕದ ಕಟ್ಟೆಗಳಲ್ಲಿ ಏನೇನು ನಡೆದಿರಬೇಕು, ಊಹಿಸಬಹುದು. ಒಂದು ಮಾತನ್ನು ಮಾತ್ರ ಒಪ್ಪಬೇಕು. ಆ ಶಾಸನಗಳಲ್ಲಿ ಯಾವ ಸುಂಕ, ಯಾರು ಬಿಟ್ಟುಕೊಟ್ಟರು, ಯಾವ ದೇವಾಲಯಕ್ಕೆ, ಯಾವ ಕೆರೆಗೆ ಎಂಬುದನ್ನು ಕಲ್ಲಿನ ಮೇಲೆ ಕೊರೆದಿದ್ದಾರೆ. ಸುಂಕದ ಅಧಿಕಾರಿಯ ಹೆಸರೂ ಎಷ್ಟೋ ಕಡೆ ಇದೆ. ಅಯ್ಯಾವೊಳೆಯ ಐನೂರ್ವರಂಥ ವರ್ತಕರ ಸಂಘಗಳು ತಮ್ಮ ಮೇಲೆ ತಾವೇ ಹೇರಿಗೆ ಇಷ್ಟೆಂದು ಹಾಕಿಕೊಂಡು ಧರ್ಮಕಾರ್ಯಕ್ಕೆ ಕೊಟ್ಟ ದಾಖಲೆಗಳೂ ಉಂಟು. ಕೊಡುವವನಿಗೆ ಯಾರಿಗೆ ಕೊಡುತ್ತಿದ್ದೇನೆ ಎಂಬುದು ಗೊತ್ತಿತ್ತು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬೊಬ್ಬರಿದ್ದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯರಂತೆ ಇವರಿಗೂ ಕಾಯಕವೇ ಹೆಸರಿನ ಮುಂದಿನ ವಿಶೇಷಣ. ಸುಂಕ ವಸೂಲಿ ಇವರ ಕಾಯಕ. ವಚನಗಳನ್ನೂ ಬರೆದಿದ್ದಾರೆ. ದೋಣಿ ನಡೆಸುವವನ, ಬಟ್ಟೆ ಒಗೆಯುವವನ ಕಾಯಕ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಸುಂಕದವನೂ ಕಾಯಕಜೀವಿಗಳ ಸಾಲಿನಲ್ಲಿ ಕೂತಿದ್ದ ಎಂಬುದು ಕತೆ ಬರೆಯುವ ನಮ್ಮಂಥವರನ್ನು ಸ್ವಲ್ಪ ತಡೆದು ನಿಲ್ಲಿಸುತ್ತದೆ. ಸುಂಕವೇ ಅನ್ಯಾಯ ಎಂದು ಆ ಕಲ್ಯಾಣ ಭಾವಿಸಿರಲಿಲ್ಲ ಎಂದಾಯಿತು. ಸುಂಕದವನು ಯಾರು, ಹೇಗೆ ತೆಗೆದುಕೊಳ್ಳುತ್ತಾನೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಜನರ ಅನುಭವ ಮಾತ್ರ ಬೇರೆಯೇ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತು. ಸುಂಕಕ್ಕೆ ಹೆದರಿ ರಾತ್ರಿಯೆಲ್ಲ ಸುತ್ತುಬಳಸಿ ನಡೆದವನಿಗೆ ಸುಂಕದ ಕಟ್ಟೆಯ ಮುಂದೆಯೇ ಬೆಳಗಾಯಿತು ಎಂಬ ಇನ್ನೊಂದು ಗಾದೆಯೂ ಇದೆ. ಸಂಸ್ಕೃತದ ಪಂಡಿತರು ತರ್ಕದ ನಡುವೆ ಬಳಸುವ 'ಘಟ್ಟಕುಟೀಪ್ರಭಾತ ನ್ಯಾಯ' ಎಂಬುದೂ ಇದೇ ಕತೆ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸಿನ ಕಾಗದಪತ್ರಗಳಲ್ಲಿ ಸುಂಕ 'ಜಂಕನ್' ಆಗಿದೆ. ದಕ್ಷಿಣದ ದಾರಿಯಲ್ಲಿ ಹೋದ ಪರದೇಶಿಗಳೂ ಈ ಒಂದು ಪದವನ್ನು ಕಲಿಯದೆ ಮುಂದೆ ಹೋಗಲು ಆಗುತ್ತಿರಲಿಲ್ಲ.

ಈಗ ಐನೂರು ವರ್ಷ ದಾಟಿ 1657ಕ್ಕೆ ಬರೋಣ. ಆ ವರ್ಷ ವಸಂತದಲ್ಲಿ ಶಹಜಾದಾ ಔರಂಗಜೇಬ್ ಬೀದರಿನ ಕೋಟೆಯನ್ನು ಹಿಡಿದ. ಅಲ್ಲಿನ ಕಿಲ್ಲೇದಾರ ಸಿದ್ದಿ ಮರ್ಜಾನ್ ಮದ್ದು ಸಿಡಿದು ಗಾಯಗೊಂಡು ತೀರಿಕೊಂಡ. ಬೇಸಿಗೆಯಲ್ಲಿ ಸೈನ್ಯ ಕಲ್ಯಾಣಿಯ ಕೋಟೆಗೆ ಮುತ್ತಿಗೆ ಹಾಕಿತು. ಮಳೆಗಾಲದ ಹೊತ್ತಿಗೆ ಅದೂ ಬಿತ್ತು. ಮರುವರ್ಷ ಅದೇ ಶಹಜಾದಾ ಅಣ್ಣತಮ್ಮಂದಿರನ್ನು ಸೋಲಿಸಿ ಬಾದಶಹನಾದ. ಔರಂಗಜೇಬನ ಬಗ್ಗೆ ಪತ್ರಿಕೆಗಳಲ್ಲಿ ಆದ ಜಗಳ ಸಾಕಷ್ಟಿದೆ, ಅದಕ್ಕೆ ನಾವು ಒಂದು ಪುಟ ಸೇರಿಸಬೇಕಾಗಿಲ್ಲ. ನಮಗೆ ಇಲ್ಲಿ ಬೇಕಾದದ್ದು ಪಟ್ಟಕ್ಕೆ ಬಂದ ಹೊಸದರಲ್ಲಿ, 1659ರ ಸುಮಾರಿಗೆ, ಧಾನ್ಯ ತುಟ್ಟಿಯಾಗಿ ಜನ ಕಂಗಾಲಾಗಿದ್ದಾಗ ಅವನು ಹೊರಡಿಸಿದ ಒಂದು ಹುಕುಂ.

ಆ ಹುಕುಮಿನಿಂದ ರದ್ದಾದ ಹಲವು ತೆರಿಗೆಗಳಲ್ಲಿ ಎರಡು ಮುಖ್ಯ. ಒಂದು ರಾಹದಾರಿ, ಅಂದರೆ ದಾರಿ ಸುಂಕ. ಇನ್ನೊಂದು ಪಾಂಡರಿ. ಕಸಾಯಿ, ಕುಂಬಾರ, ತರಕಾರಿ ಮಾರುವವನಿಂದ ಹಿಡಿದು ಬಟ್ಟೆ ವ್ಯಾಪಾರಿ, ಸರಾಫನವರೆಗೆ ಬಜಾರಿನಲ್ಲಿ ತಾನು ಕೂತ ನೆಲಕ್ಕಾಗಿ ಪ್ರತಿಯೊಬ್ಬನೂ ಕೊಡಬೇಕಾಗಿದ್ದ ಹಣ ಅದು. ನೆಲ ಹಿಡಿದುಕೊಂಡದ್ದಕ್ಕೆ ಬಾಡಿಗೆ. ನಮ್ಮ ಸಂತೆಯ ತಹಬಜಾರಿಗೂ, ಚಾಚಾ ಅವರ ಜೇಬಿನ ಚೀಟಿಗೂ ಇದೇ ಮುತ್ತಜ್ಜ.

ಈ ಕತೆಯ ಉಳಿದ ಭಾಗವನ್ನು ಹೇಳುವವರು ಖಾಫಿ ಖಾನ್. ದಖ್ಖನಿನಲ್ಲಿ ಬಾಳಿದ ಇತಿಹಾಸಕಾರ, ಕಡೆಗೆ ನಿಜಾಮುಲ್ ಮುಲ್ಕ್ ಅವರ ಆಶ್ರಯದಲ್ಲಿದ್ದವರು. ಬಾದಶಹನನ್ನು ಹೊಗಳಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹುಕುಂ ಹೊರಟಿತು, ಆದರೆ ಫೌಜುದಾರರು, ಜಾಗೀರುದಾರರು ವಸೂಲಿ ನಿಲ್ಲಿಸಲಿಲ್ಲ, ಪಾಂಡರಿಯೊಂದನ್ನು ಬಿಟ್ಟರೆ ಉಳಿದವು ನಡೆದೇ ಇದ್ದವು ಎಂದು ಬರೆದಿದ್ದಾರೆ. ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಅವರು ಕೊಡುವ ಕಾರಣವೇ ಸ್ವಾರಸ್ಯದ್ದು. ಜಾಗೀರುದಾರನಿಗೆ ಸಂಬಳಕ್ಕೆ ಬದಲಾಗಿ ಇಂತಿಷ್ಟು ಉತ್ಪನ್ನದ ನೆಲ ಕೊಡುತ್ತಿದ್ದರಷ್ಟೆ. ಆ ಉತ್ಪನ್ನದ ಲೆಕ್ಕದಲ್ಲಿ ರದ್ದಾದ ರಾಹದಾರಿಯ ಮೊತ್ತವೂ ಸೇರಿತ್ತು. ಬಾದಶಹ ತೆರಿಗೆ ತೆಗೆದ, ದಫ್ತರದವರು ಲೆಕ್ಕದಿಂದ ಅದನ್ನು ತೆಗೆಯಲಿಲ್ಲ. ಹಾಗಾದರೆ ನಮ್ಮ ತನಖಾದ ಕಾಗದದಲ್ಲಿ ಈ ಹಣ ಬರೆದಿದೆಯಲ್ಲ, ವಸೂಲು ಮಾಡದೆ ಹೊಟ್ಟೆಗೇನು ತಿನ್ನೋಣ ಎಂದರು ಜಾಗೀರುದಾರರು. ಮೊದಲಿಗಿಂತ ಹೆಚ್ಚೇ ಎತ್ತಿದರು.

ದೂರು ದರಬಾರಿಗೆ ಹೋಗುತ್ತಿತ್ತು. ತಪ್ಪಿತಸ್ಥನ ಮನಸಬನ್ನು ಇಳಿಸುತ್ತಿದ್ದರು, ಗದೆ ಹಿಡಿದ ಗುರ್ಜಬರದಾರರನ್ನು ಊರಿಗೆ ಕಳಿಸುತ್ತಿದ್ದರು. ಅವರು ಇದ್ದಷ್ಟು ದಿನ ವಸೂಲಿ ಬಂದ್. ಅವರು ಹೋದ ಮೇಲೆ ಮತ್ತೆ ಶುರು. ಕೆಲವು ಕಾಲದ ನಂತರ ದರಬಾರಿನಲ್ಲಿದ್ದ ಪೋಷಕರನ್ನು ಹಿಡಿದು ಇಳಿದ ಮನಸಬೂ ಏರುತ್ತಿತ್ತು. ಮುನ್ನೂರು ವರ್ಷ ಹಿಂದಿನ ಈ ವಿವರಣೆಯನ್ನು ನಾವು ಚಾಚಾ ಅವರಿಗೆ ಉರ್ದುವಿನಲ್ಲಿ ಓದಿ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. 'ಇದು ನಮ್ಮ ತಹಸೀಲ್ ಆಫೀಸೇ' ಎಂದರು. ದಫ್ತರದ ಒಂದು ಸಾಲು ಹೊಡೆದುಹಾಕದಿದ್ದರೆ ಬಾದಶಹನ ಹುಕುಂ ಕೂಡ ಗಾಳಿಗೆ ಹೋಗುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಇಲ್ಲಿ ಇನ್ನೂ ಹಿಂದಿನ ಒಂದು ಮಾತು ನೆನಪಾಗುತ್ತದೆ. ಮದೀನಾದಲ್ಲಿ ಪ್ರವಾದಿಯವರು ಮುಸ್ಲಿಮರಿಗೆಂದು ಒಂದು ಬಜಾರಿನ ಜಾಗ ಗೊತ್ತುಮಾಡಿ, ಇಲ್ಲಿ ಯಾರ ಮೇಲೂ ಕರ ಹಾಕಕೂಡದೆಂದು ಹೇಳಿದ್ದಾಗಿ ಹದೀಸ್ ಸಂಗ್ರಹಗಳಲ್ಲಿದೆ. ಹಳೆಯ ಬಜಾರುಗಳ ರಿವಾಜು ಮಸೀದಿಯದೇ: ಮೊದಲು ಬಂದವನು ಕೂತ ಜಾಗ ಅವನು ಏಳುವವರೆಗೆ ಅವನದು, ಎದ್ದ ಮೇಲೆ ಮುಂದಿನವನದು. ಅನ್ಯಾಯದ ಬಜಾರು ಸುಂಕಕ್ಕೆ 'ಮಕ್ಸ್' ಎಂಬ ಹೆಸರು, ಅದನ್ನು ಎತ್ತುವವನ ಬಗ್ಗೆ ಬಹಳ ಕಠಿಣವಾದ ಮಾತುಗಳಿವೆ. ಆಮೇಲಿನ ಸುಲ್ತಾನರು ಮಕ್ಸನ್ನು ಎತ್ತಿದ್ದೂ ಉಂಟು, ಪಟ್ಟವೇರಿದ ಖುಷಿಗೆ ರದ್ದು ಮಾಡಿದ್ದೂ ಉಂಟು, ಖಜಾನೆ ಬರಿದಾದಾಗ ಮತ್ತೆ ತಂದದ್ದೂ ಉಂಟು. ಧರ್ಮ ಹೇಳಿದೆ ಎಂದ ಮಾತ್ರಕ್ಕೆ ನಾಕಾ ಎದ್ದು ಹೋಗುವುದಿಲ್ಲ.

ಸುಂಕದ ಹುಚ್ಚಿಗೆ ಮೈಸೂರು ಸೀಮೆಯ ಉದಾಹರಣೆಯನ್ನು ಮೀರಿಸಿದ್ದು ಸಿಕ್ಕಲಾರದು. 1831ರಲ್ಲಿ ಆಡಳಿತ ಇಂಗ್ಲಿಷ್ ಕಮಿಷನರುಗಳ ಕೈಗೆ ಹೋಯಿತು. ಮಾರ್ಕ್ ಕಬ್ಬನ್ ಕಾಲದಲ್ಲಿ ಲೆಕ್ಕ ಹಾಕಿ ರದ್ದು ಮಾಡಿದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟಿದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ಬೇರೆ ಬೇರೆ ತೆರಿಗೆ. ಒಂದು ಹಳ್ಳಿಯವರು, ಪಾಳೆಯಗಾರನ ಕಳೆದುಹೋದ ಕುದುರೆಯನ್ನು ತಮ್ಮ ಹಿರಿಯರು ಹುಡುಕಿ ಕೊಡಲಿಲ್ಲ ಎಂಬ ಕಾರಣಕ್ಕೆ ತಲೆತಲಾಂತರ ಕಟ್ಟುತ್ತಿದ್ದರು. ನಗರದ ಸೀಮೆಯಲ್ಲಿ ಒಂದು ಜಾಗವಿತ್ತಂತೆ, ಅಲ್ಲಿ ಹಾದುಹೋಗುವಾಗ ಕೈಗಳನ್ನು ಮೈಗೆ ಅಂಟಿಸಿಕೊಂಡು ಹೋಗದಿದ್ದವನು ಹಣ ಕೊಡಬೇಕು. ಯಾಕೆ? ಯಾರಿಗೂ ಗೊತ್ತಿರಲಿಲ್ಲ. ಆದರೆ ಇವೆಲ್ಲವೂ ಸರಕಾರದ ಆದಾಯದ ಪಟ್ಟಿಯಲ್ಲಿ ಕ್ರಮವಾಗಿ ದಾಖಲಾಗಿದ್ದವು. ಒಮ್ಮೆ ಯಾರೋ ಒಬ್ಬ ಬಲಾಢ್ಯ ಕೈಬೀಸಿ ನಡೆದ ಒಬ್ಬ ಬಡವನಿಂದ ದಂಡ ಕಿತ್ತಿರಬೇಕು. ಮರುವರ್ಷ ಅದನ್ನು ಯಾರೋ ಗುತ್ತಿಗೆಗೆ ಹಿಡಿದಿರಬೇಕು. ಅಲ್ಲಿಂದ ಅದು ಮಾಮೂಲು. 'ಮಾಮೂಲು' ಎಂಬ ಅರಬ್ಬಿ ಮೂಲದ ಪದಕ್ಕೆ ನಮ್ಮ ಕಚೇರಿಗಳಲ್ಲಿ ಬಂದಿರುವ ಅರ್ಥವನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಇಡೀ ತಾಲೂಕಿನ ವಸೂಲಿಯನ್ನೇ ಗುತ್ತಿಗೆಗೆ ಕೊಡುತ್ತಿದ್ದರು. ಹೆಚ್ಚು ಕೂಗಿದವನಿಗೆ ತಾಲೂಕು. ಅವನು ಸರಕಾರಕ್ಕೆ ಕಟ್ಟಿದ್ದಕ್ಕಿಂತ ಎಷ್ಟು ಹೆಚ್ಚು ಎತ್ತಿದರೂ ಅದು ಅವನ ಹಣ. ನಮ್ಮ ಭಾಗದಲ್ಲಿ 'ಗುತ್ತೇದಾರ' ಎಂಬುದು ಮನೆತನದ ಹೆಸರಾಗಿಯೂ ಉಳಿದಿರುವುದು ಗುತ್ತಿಗೆಯ ಕಾಲದ ಗುರುತು. 1853ರಲ್ಲಿ ದಿವಾನರಾದ ಸಾಲಾರ್ ಜಂಗ್ ಈ ಪದ್ಧತಿಯನ್ನು ಮುರಿದರು. ಸಂಬಳದ ಅಧಿಕಾರಿಗಳನ್ನು ನೇಮಿಸಿದರು, 1865ರಲ್ಲಿ ಜಿಲ್ಲೆಗಳನ್ನು ಕಟ್ಟಿದರು, ಒಳನಾಡಿನ ದಾರಿಸುಂಕಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದರು. ಗಡಿಯಲ್ಲಿ ಮಾತ್ರ ಕರೋಡಗೀರಿಯ ನಾಕಾ ಉಳಿಯಿತು. 1802ರಲ್ಲಿ ಕಂಪನಿಯ ಜೊತೆ ಆದ ವ್ಯಾಪಾರದ ಕರಾರಿನಂತೆ ಅಲ್ಲಿನ ಸುಂಕ ನೂರಕ್ಕೆ ಐದು. ಸೊಲ್ಲಾಪುರದ ಕಡೆಯಿಂದ ಬರುವ ಸರಕಿಗೆ ಗಡಿಯಲ್ಲಿ ತಪಾಸಣೆ, ಪಾವತಿ, ಮೊಹರು. ಚಾಚಾ ಅವರ ಅಬ್ಬಾ ಹೇಳುತ್ತಿದ್ದ ಮೊಹರು ಇದೇ ಇರಬೇಕು.

ಆದರೆ ಸಾಲಾರ್ ಜಂಗರ ಕೈ ಎಲ್ಲ ಕಡೆ ಓಡುತ್ತಿರಲಿಲ್ಲ. ಸಂಸ್ಥಾನದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ನೆಲ ದಿವಾನಿಯ ಹೊರಗಿತ್ತು. ನಿಜಾಮರ ಸ್ವಂತದ ಸರ್ಫೆ ಖಾಸ್, ಪೈಗಾಗಳು, ಜಾಗೀರುಗಳು. ಕಲ್ಯಾಣಿಯೇ ಒಬ್ಬ ನವಾಬರ ಜಾಗೀರು. ಜಾಗೀರಿನ ಒಳಗೆ ದಿವಾನಿಯ ಸುಧಾರಣೆ ತಡವಾಗಿ, ಅರ್ಧವಾಗಿ ಮಾತ್ರ ಬರುತ್ತಿತ್ತು. ಒಂದೇ ದಾರಿಯ ಮೇಲೆ ಒಂದು ಹಳ್ಳಿ ದಿವಾನಿಯದು, ಮುಂದಿನದು ಜಾಗೀರಿನದು. ಎಲ್ಲಿ ಸರಕಾರ ಮುಗಿಯಿತು, ಎಲ್ಲಿ ಖಾಸಗಿ ಶುರುವಾಯಿತು ಎಂಬುದು ಬಂಡಿ ಹೊಡೆಯುವವನಿಗೆ ಗೊತ್ತಾಗುತ್ತಿದ್ದುದು ಹಣ ಕೇಳಿದಾಗಲೇ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1949ರ ಆಗಸ್ಟ್ 15ರಿಂದ ಜಾಗೀರುಗಳು ರದ್ದಾದವು. 1950ರ ದಶಕದಲ್ಲಿ ಕರೋಡಗೀರಿಯ ನಾಕಾಗಳೂ ಎದ್ದುಹೋದವು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂತು. 1979ರಲ್ಲಿ ಕರ್ನಾಟಕ ಸರಕಾರ ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ರದ್ದು ಮಾಡಿತು. ಊರ ಬಾಯಿಯ ನಾಕಾ ಕಟ್ಟೆಗಳು ಪಾನ್ ಅಂಗಡಿಗಳಾದವು.

ಸಂವಿಧಾನದ 265ನೆಯ ಅನುಚ್ಛೇದ ಬಹಳ ಚಿಕ್ಕದು. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕಕೂಡದು, ವಸೂಲು ಮಾಡಕೂಡದು ಎಂಬಷ್ಟೇ ಅದರ ತಾತ್ಪರ್ಯ. ಹಾಕುವುದು, ವಸೂಲು ಮಾಡುವುದು ಎಂದು ಎರಡನ್ನೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಇದನ್ನು ಬರೆದವರು ಖಾಫಿ ಖಾನರನ್ನು ಓದಿದ್ದರೋ ಇಲ್ಲವೋ, ಆದರೆ ಹುಕುಮಿಗೂ ವಸೂಲಿಗೂ ನಡುವೆ ಇರುವ ಕಂದಕ ಅವರಿಗೆ ಗೊತ್ತಿತ್ತು.

ಆದರೆ ಖಾಸಗಿಯವನು ತೆರಿಗೆ ಅನ್ನುವುದಿಲ್ಲ, ಬಾಡಿಗೆ ಅನ್ನುತ್ತಾನೆ. ಜಾಗ ನನ್ನದು, ನಿಲ್ಲಿಸಿದರೆ ಕೊಡು, ಬೇಡವಾದರೆ ಹೋಗು. ಇದು ಹೊಸ ಮಾತಲ್ಲ. ದಕ್ಷಿಣ ಕನ್ನಡ, ಕಾಸರಗೋಡು ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ 1920ರ ಪುರಸಭಾ ಕಾನೂನು ಬಂಡಿ ಸ್ಟ್ಯಾಂಡುಗಳ ಬಗ್ಗೆಯೇ ನಿಯಮ ಮಾಡಿತ್ತು. ಖಾಸಗಿಯವನು ಬಂಡಿ ನಿಲ್ಲಿಸುವ ಜಾಗ ತೆರೆಯಬೇಕಾದರೆ ಪುರಸಭೆಯ ಲೈಸೆನ್ಸ್ ಬೇಕು. ಎತ್ತಿನ ಬಂಡಿಯ ಕಾಲಕ್ಕೇ ಕಾನೂನು ಇದನ್ನು ಬರೀ ಜಾಗದ ಮಾಲಿಕನ ಮರ್ಜಿ ಎಂದು ಬಿಡಲಿಲ್ಲ. ಅದೇ ಪ್ರಾಂತದ ಕುಂಭಕೋಣಂನಲ್ಲಿ ಟಿ. ಬಿ. ಇಬ್ರಾಹಿಂ ಎಂಬುವರು ಖಾಸಗಿ ಬಸ್ ಸ್ಟ್ಯಾಂಡ್ ನಡೆಸುತ್ತಿದ್ದರು. ಸಾರಿಗೆ ಪ್ರಾಧಿಕಾರ ಬಸ್ಸುಗಳ ನಿಲುಗಡೆಯನ್ನು ಬೇರೆಡೆಗೆ ಬದಲಿಸಿದಾಗ, ತಮ್ಮ ಕಸುಬಿನ ಮೂಲಭೂತ ಹಕ್ಕು ಹೋಯಿತೆಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. 1952ರಲ್ಲಿ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ತನಗೆ ಬೇಕಾದ ಜಾಗದಲ್ಲೇ ಕಸುಬು ನಡೆಸುವ ಹಕ್ಕು ಯಾರಿಗೂ ಇಲ್ಲ, ಸಾರ್ವಜನಿಕರ ಅನುಕೂಲ ಮೊದಲು ಎಂದಿತು. ಇಬ್ರಾಹಿಂ ಸಾಹೇಬರ ಬಗ್ಗೆ ನಮಗೆ ಮರುಕವೂ ಇದೆ. ಕಾನೂನಿನ ಪುಸ್ತಕಗಳಲ್ಲಿ ಹೆಸರು ಉಳಿಯಿತು, ಸ್ಟ್ಯಾಂಡ್ ಹೋಯಿತು.

ಇದಕ್ಕೆ ಎದುರಾಗಿ 1989ರ ಸೋಧನ್ ಸಿಂಗ್ ಪ್ರಕರಣವನ್ನು ಇಡಬೇಕು. ದೆಹಲಿಯ ಬೀದಿ ವ್ಯಾಪಾರಿಯೊಬ್ಬರು ಕಟ್ಟಿದ ಮೊಕದ್ದಮೆ. ಫುಟ್‌ಪಾತಿನಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನದ 19ನೆಯ ಅನುಚ್ಛೇದ ಕೊಟ್ಟ ಕಸುಬಿನ ಹಕ್ಕಿನೊಳಗೆ ಬರುತ್ತದೆ, ಸರಕಾರ ಅದಕ್ಕೆ ನಿಯಮ ಹಾಕಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು. ಆದರೆ ಇಂಥದೇ ಜಾಗ ಕಾಯಂ ಆಗಿ ತನ್ನದೆನ್ನುವ ಹಕ್ಕಿಲ್ಲ ಎಂದೂ ಹೇಳಿತು. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಪ್ರತ್ಯೇಕ ಕಾನೂನೇ ಬಂತು. ನಮ್ಮ ಸಂತೆಗಳಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಮುದುಕಿಯರಿಗೆ ಅದು ಇನ್ನೂ ತಲುಪಿದ ಹಾಗಿಲ್ಲ.

ಮಾಲ್‌ಗಳ ಪಾರ್ಕಿಂಗ್ ವಿಷಯದಲ್ಲಿ ಕೋರ್ಟುಗಳ ನಡುವೆಯೇ ಒಮ್ಮತವಿಲ್ಲ. 2019ರ ಜುಲೈನಲ್ಲಿ ಗುಜರಾತ್ ಹೈಕೋರ್ಟು, ಮಾಲು, ಮಲ್ಟಿಪ್ಲೆಕ್ಸುಗಳು ಪಾರ್ಕಿಂಗ್ ಹಣ ತೆಗೆದುಕೊಳ್ಳುವಂತಿಲ್ಲ ಎಂದಿತು. ಕಟ್ಟಡದ ನಕ್ಷೆ ಮಂಜೂರಾಗುವಾಗಲೇ ಬರುವವರ ವಾಹನಕ್ಕೆ ಜಾಗ ಬಿಡಬೇಕೆಂಬ ನಿಯಮವಿದೆ, ನಿಯಮಕ್ಕಾಗಿ ಬಿಟ್ಟ ಜಾಗವನ್ನೇ ಮತ್ತೆ ಮಾರುವುದು ಹೇಗೆ ಎಂಬುದು ಅಲ್ಲಿನ ವಾದದ ತಿರುಳು. ಕೊಚ್ಚಿಯ ಒಂದು ಮಾಲಿನ ಮೇಲೆ ಬಂದ ಇಂಥದೇ ದೂರಿನಲ್ಲಿ ಕೇರಳ ಹೈಕೋರ್ಟು 2025ರಲ್ಲಿ ಬೇರೆ ದಾರಿ ಹಿಡಿಯಿತು. ಪುರಸಭೆಯ ಲೈಸೆನ್ಸ್ ಪಡೆದಿದ್ದರೆ ಮಾಲಿಕ ಹಣ ತೆಗೆದುಕೊಳ್ಳಬಹುದು. ನಮ್ಮ ನೆರೆಯ ತೆಲಂಗಾಣ ಕೋರ್ಟಿನ ತನಕ ಹೋಗದೆ 2018ರಲ್ಲೇ ಆದೇಶ ಹೊರಡಿಸಿ ಮೊದಲ ಅರ್ಧ ಗಂಟೆ ಪುಕ್ಕಟೆ ಎಂದು ಗೊತ್ತುಮಾಡಿತು. ಯಾವುದು ಸರಿ? ನಮಗೆ ಗುಜರಾತಿನ ವಾದ ಹೆಚ್ಚು ಹಿಡಿಸುತ್ತದೆ. ಆದರೆ ಮೂರರಲ್ಲೂ ಒಂದು ಅಂಶ ಸಮಾನ. ಮಾಲಿಕನ ಹಿಂದೆ ಯಾವ ಕಾಗದವಿದೆ ಎಂಬ ಪ್ರಶ್ನೆಯನ್ನು ಮೂರೂ ಕಡೆ ಕೇಳಿದ್ದಾರೆ.

ಕಳುವಾದರೆ ಜವಾಬ್ದಾರರಲ್ಲ ಎಂಬ ಸಾಲಿಗೂ ಒಂದು ಉತ್ತರವಿದೆ. 1998ರಲ್ಲಿ ದೆಹಲಿಯ ಒಂದು ಪಂಚತಾರಾ ಹೋಟೆಲಿನಲ್ಲಿ ಒಬ್ಬರು ತಮ್ಮ ಮಾರುತಿ ಝೆನ್ ಕಾರಿನ ಬೀಗದ ಕೈಯನ್ನು ನೌಕರನಿಗೆ ಕೊಟ್ಟು ಒಳಗೆ ಹೋದರು. ಹೊರಗೆ ಬರುವಷ್ಟರಲ್ಲಿ ಕಾರು ಇಲ್ಲ. ಚೀಟಿಯಲ್ಲಿ ಅಚ್ಚಾಗಿದೆ, ಮಾಲಿಕರದೇ ಜವಾಬ್ದಾರಿ ಎಂದಿತು ಹೋಟೆಲು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಅಚ್ಚಿನ ಸಾಲನ್ನು ಒಪ್ಪಲಿಲ್ಲ. ವಾಹನವನ್ನು ವಶಕ್ಕೆ ತೆಗೆದುಕೊಂ‌ಡ ಮೇಲೆ ನಿಮ್ಮ ನಿರ್ಲಕ್ಷ್ಯಕ್ಕೆ ನೀವೇ ಹೊಣೆ, ಚೀಟಿಯ ಹಿಂದೆ ಅಡಗುವಂತಿಲ್ಲ ಎಂದಿತು. ನಮ್ಮ ಹುಡುಗ ಬೀಗದ ಕೈ ಕೇಳಿರಲಿಲ್ಲ, ಆದ್ದರಿಂದ ಆ ತೀರ್ಪು ನೇರವಾಗಿ ನಮಗೆ ಹತ್ತುವುದಿಲ್ಲ. ಆದರೂ ಕಾಯುತ್ತೇವೆ ಎಂದು ಬಾಯಲ್ಲಿ ಹೇಳಿ, ಕಾಯುವುದಿಲ್ಲ ಎಂದು ಚೀಟಿಯಲ್ಲಿ ಬರೆದು, ಹಣ ಮಾತ್ರ ಎಣಿಸಿಕೊಳ್ಳುವ ವ್ಯವಹಾರಕ್ಕೆ ಏನೆನ್ನಬೇಕು?

ಹೆದ್ದಾರಿಯ ಮಾತೂ ಇದೇ. 1995ರ ತಿದ್ದುಪಡಿಯ ನಂತರ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಖಾಸಗಿ ಕಂಪನಿಗಳು ರಸ್ತೆ ಮಾಡಿ ಟೋಲ್ ಎತ್ತಲು ಬಾಗಿಲು ತೆರೆಯಿತು. ಹೆಸರು ಬದಲಾದ ರಾಹದಾರಿ. ದೆಹಲಿ–ನೋಯ್ಡಾ ನಡುವಿನ ಡಿಎನ್‌ಡಿ ಮಾರ್ಗದ ಕತೆ ಪ್ರಸಿದ್ಧ. 2001ರಲ್ಲಿ ತೆರೆದ ಸುಮಾರು ಒಂಬತ್ತು ಕಿಲೋಮೀಟರಿನ ರಸ್ತೆ. ಕಂಪನಿಗೆ ವರ್ಷಕ್ಕೆ ನೂರಕ್ಕೆ ಇಪ್ಪತ್ತರ ಲಾಭ ಖಾತ್ರಿ, ಆ ವರ್ಷ ಅಷ್ಟು ಬರದಿದ್ದರೆ ಕೊರತೆಯನ್ನು ಮುಂದಿನ ಲೆಕ್ಕಕ್ಕೆ ಸೇರಿಸುವುದು ಎಂಬ ಕರಾರು. ಈ ಲೆಕ್ಕದಲ್ಲಿ ಎಷ್ಟು ವರ್ಷ ಎತ್ತಿದರೂ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ನೋಯ್ಡಾ ನಿವಾಸಿಗಳ ಸಂಘ ಕೋರ್ಟಿಗೆ ಹೋಯಿತು. 2016ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟು ಟೋಲ್ ನಿಲ್ಲಿಸಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. 2025ರ ಆಗಸ್ಟಿನಲ್ಲಿ ತ್ರಿಶೂರಿನ ಪಾಲಿಯೆಕ್ಕರ ಟೋಲಿನ ವಸೂಲಿಯನ್ನು ರಸ್ತೆ ಹಾಳಾಗಿ ಸಂಚಾರ ಕಟ್ಟಿಕೊಂಡಿದೆ ಎಂಬ ಕಾರಣಕ್ಕೆ ಕೇರಳ ಹೈಕೋರ್ಟು ತಾತ್ಕಾಲಿಕವಾಗಿ ತಡೆಯಿತು. ಅದರಲ್ಲಿ ಕೈಹಾಕಲು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಜಾಗೀರುದಾರನ ತನಖಾ ಕಾಗದದ ಸಾಲನ್ನು ದಫ್ತರದವರು ಹೊಡೆದುಹಾಕದ ಕತೆ ಮುನ್ನೂರು ವರ್ಷದ ಮೇಲೆ ಒಬ್ಬ ನ್ಯಾಯಾಧೀಶರ ಮೇಜಿನ ಮೇಲೆ ಬಂದು, ಆ ಸಾಲು ಹೊಡೆಸಿಕೊಂಡಿದೆ ಎಂದು ನಮಗೆ ಡಿಎನ್‌ಡಿ ತೀರ್ಪನ್ನು ಓದುವಾಗ ಅನ್ನಿಸಿತು. ಅಲ್ಲಿ ಎದುರಿಗಿದ್ದದ್ದು ದೊಡ್ಡ ಕಂಪನಿ, ಕೇಳಿದವರೂ ಸಂಘ ಕಟ್ಟಿಕೊಂಡ ಮಹಾನಗರದ ಜನ. ನಮ್ಮ ಸಂತೆಯೂರಿನಲ್ಲಿ ಇಪ್ಪತ್ತು ರೂಪಾಯಿಗಾಗಿ ವಕೀಲನನ್ನು ಹಿಡಿಯುವವರು ಯಾರು?

ಚಾಚಾ ವಕೀಲನನ್ನು ಹಿಡಿಯಲಿಲ್ಲ. 2005ರ ಮಾಹಿತಿ ಹಕ್ಕಿನ ಕಾನೂನಿನಡಿ ಹತ್ತು ರೂಪಾಯಿ ಕಟ್ಟಿ ಅಲ್ಲಿನ ಪುರಸಭೆಗೆ ಒಂದು ಅರ್ಜಿ ಬರೆದರು. ಅಕ್ಷರ ಇಂದಿಗೂ ಮುತ್ತಿನ ಹಾಗೆ. ಸದರಿ ಜಾಗ ಯಾರದು, ಪಾರ್ಕಿಂಗ್ ಠೇಕಾ ಯಾರಿಗೆ ಕೊಡಲಾಗಿದೆ, ದರ ಗೊತ್ತುಮಾಡಿದ ಠರಾವಿನ ನಕಲು ಕೊಡಿ ಎಂಬ ಮೂರು ಪ್ರಶ್ನೆ. ಜೊತೆಗೆ ಚೀಟಿಯ ಝೆರಾಕ್ಸ್. 'ಇಪ್ಪತ್ತು ರೂಪಾಯಿಗಿ ಹತ್ತು ರೂಪಾಯಿ ಖರ್ಚು' ಎಂದು ಚಾಚಿ ಒಳಗಿನಿಂದ ಗೊಣಗಿದರು. ಸಲ್ಲಿಸಲು ಹೋದಾಗ ಕೌಂಟರಿನವನು, 'ಇಷ್ಟಕ್ಕ ಯಾಕ್ರಿ ಸಾಹೇಬ್ರ ಅರ್ಜಿ, ಹೋಗಿ ಅವರಿಗಿ ಹೇಳಿದ್ರ ನಿಮ್ಮದು ಬಿಡ್ತಾರ' ಎಂದನಂತೆ. ಚಾಚಾ ಸ್ವೀಕೃತಿಗಾಗಿ ಮೊಹರು ಹಾಕಿಸಿಕೊಂಡೇ ಬಂದರು.

ಮೂವತ್ತು ದಿನದೊಳಗೆ ಬರಬೇಕಾದ ಉತ್ತರ ನಲವತ್ತು ದಿನಕ್ಕೆ ಬಂತು. ಎರಡೇ ಸಾಲು. ಸದರಿ ಜಾಗವು ರಸ್ತೆಯ ಅಂಚಿನ ಸಾರ್ವಜನಿಕ ಜಾಗವಾಗಿದ್ದು, ಪಾರ್ಕಿಂಗ್ ಬಗ್ಗೆ ಯಾವುದೇ ಟೆಂಡರ್ ಆಗಿರುವುದಿಲ್ಲ. ಕೆಳಗೆ ಸಹಿ, ಅಧಿಕಾರಿಯ ಹೆಸರು, ದುಂಡನೆಯ ಮೊಹರು. ಚಾಚಾ ಆ ಮೊಹರನ್ನು ಬಹಳ ಹೊತ್ತು ನೋಡಿದರು.

ಮುಂದಿನ ಸಂತೆಗೆ ಮತ್ತೆ ಹೋದೆವು. ಅದೇ ಜಾಗ, ಅದೇ ಹುಡುಗ. ಅರ್ಜಿಯ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಹುಡುಗ ಚೀಟಿಯ ಕಟ್ಟನ್ನು ಬೆನ್ನ ಹಿಂದೆ ಹಿಡಿದುಕೊಂಡು, 'ನಿಮ್ಮದು ಬ್ಯಾಡ್ರಿ ಚಾಚಾ, ಹಾಂಗೇ ನಿಲ್ಲಸ್ರಿ' ಎಂದ. ಹೊಸ ಕನ್ನಡಕದೊಳಗಿಂದ ಚಾಚಾ ಸಾಲಾಗಿ ನಿಂತ ಮೋಟಾರ್ ಸೈಕಲ್ಲುಗಳನ್ನು ನೋಡಿದರು. ನಲವತ್ತಕ್ಕೆ ಕಡಿಮೆ ಇರಲಿಲ್ಲ. ಪ್ರತಿಯೊಂದರ ಹ್ಯಾಂಡಲ್ಲಿನಲ್ಲೂ ಚೀಟಿ.

'ಮತ್ತ ಇವರದು?' ಎಂದು ಕೇಳಿದರು.

ಹುಡುಗ ಮಾತಾಡಲಿಲ್ಲ. ಚಾಚಾ ಜೇಬಿನಿಂದ ಉತ್ತರದ ಝೆರಾಕ್ಸ್ ಪ್ರತಿಗಳನ್ನು ತೆಗೆದರು. ಹತ್ತು ಮಾಡಿಸಿಕೊಂಡು ಬಂದಿದ್ದರು. ಮೊದಲನೆಯದನ್ನು ಆ ಹುಡುಗನಿಗೇ ಕೊಟ್ಟು, ನಿನ್ನ ಮಾಲಕನಿಗೆ ತೋರಿಸು, ನಿನ್ನ ಕೂಲಿ ತಪ್ಪಿದರೆ ನನ್ನ ಬಳಿ ಬಾ ಎಂದರು. ಎರಡನೆಯದನ್ನು ಹಿಡಿದುಕೊಂಡು, ಆಗಷ್ಟೇ ಗಾಡಿ ನಿಲ್ಲಿಸಿ ಪರ್ಸಿಗೆ ಕೈಹಾಕಿದ್ದ ಒಬ್ಬ ರೈತನ ಕಡೆಗೆ ನಡೆದರು.